ಕಾವಲಿನ ಜೇನು, ಕುಂಕುಮದ ಮೇಣ

ಕರ್ನಾಟಕದ ಜೇನಿನ ಚರಿತ್ರೆ ಬರೆಯುವವರು ಕೊಡಗಿನಿಂದ ಶುರು ಮಾಡುತ್ತಾರೆ. ವಿರಾಜಪೇಟೆಯಲ್ಲಿ 1936ರಷ್ಟು ಹಿಂದೆಯೇ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತ್ತು, ಹಾಗಾಗಿ ಅದು ಸರಿಯೇ. ಅಲ್ಲಿಂದ ಶಿರಸಿಯ ತೋಟಗಳಿಗೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ, ನಾಗರಹೊಳೆಯ ಜೇನುಕುರುಬರಿಗೆ ಬರಹ ದಾಟುತ್ತದೆ. ಚಿತ್ರದುರ್ಗ ಜಿಲ್ಲೆಯ ಪೂರ್ವದಂಚಿನ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಗೆ ಮಾತ್ರ ಯಾರೂ ಬರುವುದಿಲ್ಲ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ರಾಜ್ಯದಲ್ಲೇ ಅತಿ ಒಣ ನೆಲಗಳಲ್ಲಿ ಒಂದಾದ ಈ ಬಯಲಿನಲ್ಲಿ ಜೇನು ಎಲ್ಲಿಂದ ಬರಬೇಕು ಎಂದು ಅವರ ಎಣಿಕೆ ಇರಬಹುದು. ಚಳ್ಳಕೆರೆ ಎಂದರೆ ಶೇಂಗಾ ಎಣ್ಣೆ ಗಿರಣಿ, ಕುರಿ, ಕಂಬಳಿ. ಮೊಳಕಾಲ್ಮೂರು ಎಂದರೆ ರೇಷ್ಮೆ ಸೀರೆ, ಅಶೋಕನ ಶಾಸನ. ಅಲ್ಲಿಗೆ ನಮ್ಮ ಪರಿಚಯ ಮುಗಿಯುತ್ತದೆ.

ನಾನು ಹುಟ್ಟಿದ್ದು ತಳಕು ಹೋಬಳಿಯ ಒಂದು ಹಟ್ಟಿಯಲ್ಲಿ. ಕೆಲಸ ಮಾಡಿದ್ದು ಮೊಳಕಾಲ್ಮೂರು ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ, ಕನ್ನಡ ಮೇಡಂ ಆಗಿ. ನನ್ನ ಸೋದರಮಾವ ಜೇನು ಬಿಡಿಸುತ್ತಿದ್ದರು. ಅದು ಅವರ ಕಸುಬಾಗಿರಲಿಲ್ಲ. ಕುರಿ ಕಾಯುವುದು, ಸಜ್ಜೆ ನವಣೆ ಬಿತ್ತುವುದು ಬದುಕು; ಜೇನು ಅದರ ಜೊತೆಗೆ ನಡೆಯುತ್ತಿದ್ದ ಕೆಲಸ. ಈ ಸೀಮೆಯ ಜೇನಿನ ಚರಿತ್ರೆ ಯಾರ ಕಣ್ಣಿಗೂ ಬೀಳದೆ ಹೋಗಿದ್ದಕ್ಕೆ ಇದೇ ಮುಖ್ಯ ಕಾರಣ ಎಂದು ನಾನು ನಂಬಿದ್ದೇನೆ. ಇಲ್ಲಿ ಜೇನಿನವರೆಂಬ ಜಾತಿಯಿಲ್ಲ, ಸಂಘವಿಲ್ಲ, ಲೆಕ್ಕದ ಪುಸ್ತಕವಿಲ್ಲ. ದೇವರ ಎತ್ತು ಕಾಯುವ ಮ್ಯಾಸಬೇಡರ ಕಿಲಾರಿಗಳು, ಕಾಡುಗೊಲ್ಲರು, ಕುರುಬರು, ದನ ಕುರಿಗಳ ಹಿಂದೆ ದಿನವಿಡೀ ನಡೆಯುವ ಯಾರು ಬೇಕಾದರೂ ಜೇನು ಬಲ್ಲವರು.

ಮೊದಲು ನೆಲದ ಮಾತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 1672ರಿಂದ 1704ರ ನಡುವೆ, ಅರಮನೆಯ ಹಸುಗಳಿಗಾಗಿ ಬೆಣ್ಣೆ ಚಾವಡಿ ಎಂಬ ಇಲಾಖೆಯಿತ್ತು. ಮುಂದೆ ಟಿಪ್ಪು ಅದಕ್ಕೆ ಅಮೃತಮಹಲ್ ಎಂಬ ಹೆಸರು ಕೊಟ್ಟ. ಆ ದನಗಳಿಗೆಂದು ಕಾದಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಬೇಸಿಗೆಯದು, ಮಳೆಗಾಲದ್ದು, ಚಳಿಗಾಲದ್ದು ಎಂದು ಕಾಲಕ್ಕೊಂದರಂತೆ ಅವನ್ನು ವಿಂಗಡಿಸಿದ್ದರು. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದ ಮೇಲೆ ನಮ್ಮ ಸೀಮೆಯೂ ಮೈಸೂರಿನ ಕೈಗೆ ಬಂತು. ಚಳ್ಳಕೆರೆ ಸುತ್ತಿನ ವಿಸ್ತಾರವಾದ ಬಯಲುಗಳು ಕಾವಲುಗಳಾಗಿ ಉಳಿದವು. ಕಾವಲಿಗೆ ನೇಗಿಲು ಇಳಿಸುವಂತಿರಲಿಲ್ಲ. ಹಾಗಾಗಿ ಹುಲ್ಲಿನ ಜೊತೆಗೆ ಕಾರೆ, ಬಾರೆ, ತಂಗಡಿ, ಜಾಲಿ, ಕಕ್ಕೆ, ಅಲ್ಲಲ್ಲಿ ಕಮರದ ಮರ ತಲೆಮಾರುಗಟ್ಟಲೆ ನಿಂತವು. ರಾಜರು ಕಾದದ್ದು ದನಗಳಿಗಾಗಿ. ಆ ರಕ್ಷಣೆಯಲ್ಲಿ ಜೇನೂ ಬದುಕಿತು.

ಈ ಕುರುಚಲು ನೆಲದ ಹೂವಿನ ಕ್ರಮವನ್ನು ಮಾವ ಬಾಯಲ್ಲೇ ಹೇಳುತ್ತಿದ್ದರು. ಯುಗಾದಿ ಹೊತ್ತಿಗೆ ಬೇವು ಮತ್ತು ಹೊಂಗೆ. ಅವು ಉದುರುವಾಗ ಹುಣಸೆ. ಮುಂಗಾರು ಬಿದ್ದರೆ ತುಂಬೆ. ಹಿಂಗಾರಿಗೆ ಬಾರೆಗಿಡ, ಹೊಲದಲ್ಲಿ ಹುಚ್ಚೆಳ್ಳು. ತಂಗಡಿ ಹೂವಿನಲ್ಲಿ ಮಕರಂದವಿಲ್ಲ, ಆದರೆ ಪರಾಗ ಯಥೇಚ್ಛ. ಮರಿಗಳನ್ನು ಸಾಕಲು ಹುಳಕ್ಕೆ ಅದೇ ಬೇಕು. ಹೊಂಗೆ ಬೇವು ಒಟ್ಟಿಗೆ ಹೂಬಿಟ್ಟ ವರ್ಷದ ಜೇನುತುಪ್ಪದಲ್ಲಿ ನಾಲಿಗೆಯ ಹಿಂಭಾಗಕ್ಕೆ ಸಣ್ಣ ಕಹಿ ತಾಗುತ್ತಿತ್ತು. ಮಲೆನಾಡಿನ ಜೇನು ತಿಂದು ಬೆಳೆದವರಿಗೆ ಅದು ಹಿಡಿಸಲಿಕ್ಕಿಲ್ಲ. ನನಗೆ ಇವತ್ತಿಗೂ ಜೇನಿನ ರುಚಿ ಎಂದರೆ ಅದೇ.

ನಮ್ಮಲ್ಲಿ ನಾಲ್ಕು ಬಗೆಯ ಜೇನು. ಬಂಡೆಗೂ ದೊಡ್ಡ ಮರಕ್ಕೂ ಕಟ್ಟುವ ಹೆಜ್ಜೇನು, ಹುತ್ತದಲ್ಲೋ ಮರದ ಪೊಟರೆಯಲ್ಲೋ ಕಲ್ಲುಸಂದಿಯಲ್ಲೋ ಕೂರುವ ತುಡುವೆ, ಪೊದೆಯೊಳಗಿನ ಕೋಲುಜೇನು, ಮಣ್ಣಿನ ಗೋಡೆಯ ಬಿರುಕಲ್ಲಿ ಸೇರಿಕೊಳ್ಳುವ, ಚುಚ್ಚಲಾರದ ಪುಟ್ಟ ಮಿಸ್ರಿ. ಮಲೆನಾಡಿನ ಜೇನುಕೃಷಿ ನಿಂತಿರುವುದು ತುಡುವೆಯ ಮೇಲೆ. ನಮ್ಮ ಬಯಲಿನ ಜೇನು ಎಂದರೆ ಮುಖ್ಯವಾಗಿ ಕೋಲುಜೇನು. ಅದರ ಬಗ್ಗೆ ಯಾರೂ ಬರೆಯದ ಕಾರಣ ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಕೋಲುಜೇನಿನ ತಟ್ಟಿ ಒಂದೇ ಒಂದು, ಅಂಗೈಯಷ್ಟು ಅಗಲ. ಕಾರೆಪೊದೆಯ ಒಂದು ಕಡ್ಡಿಯನ್ನು ನಡುವೆ ಹಿಡಿದುಕೊಂಡು ಕಟ್ಟುತ್ತದೆ. ಕಡ್ಡಿಯ ಸುತ್ತ ಮೇಲ್ಭಾಗ ದಪ್ಪಗಿರುತ್ತದೆ, ಅಲ್ಲಿ ತುಪ್ಪ. ಕೆಳಗೆ ತೆಳ್ಳಗೆ ಇಳಿದದ್ದು ಮರಿಗಳ ಜಾಗ. ಇದರ ದೊಡ್ಡ ಶತ್ರು ಇರುವೆ. ಅದಕ್ಕೆ ಈ ಹುಳ ಮಾಡುವ ಉಪಾಯ ನೋಡಬೇಕು: ಗಿಡಗಳಿಂದ ಅಂಟು ತಂದು ತಟ್ಟಿಯ ಎರಡೂ ಬದಿಗೆ ಕಡ್ಡಿಯ ಮೇಲೆ ಬಳೆಯಂತೆ ಬಳಿಯುತ್ತದೆ. ಇರುವೆ ಬಂದು ಅಲ್ಲಿ ಸಿಕ್ಕಿಬೀಳುತ್ತದೆ. ಅಂಟು ಒಣಗಿದರೆ ಹೊಸದಾಗಿ ಬಳಿಯುತ್ತದೆ. ಮಾವ ಪೊದೆಗೆ ಕೈಹಾಕುವ ಮೊದಲು ಆ ಅಂಟನ್ನು ಮುಟ್ಟಿ ನೋಡುತ್ತಿದ್ದರು. ಹಸಿಯಿದ್ದರೆ ಹುಳ ಗಟ್ಟಿಯಾಗಿದೆ, ತುಪ್ಪವಿದೆ. ಒಣಗಿ ಧೂಳು ಹಿಡಿದಿದ್ದರೆ ಹುಳ ಎದ್ದು ಹೋಗುವ ಯೋಚನೆಯಲ್ಲಿದೆ, ಮುಟ್ಟಿ ಪ್ರಯೋಜನವಿಲ್ಲ.

ಒಂದು ಕೋಲುಜೇನಿನಲ್ಲಿ ಸಿಗುವುದು ಕೆಲವು ನೂರು ಗ್ರಾಂ ತುಪ್ಪ, ಅಷ್ಟೆ. ಅದನ್ನು ಮಾರುವವರಿರಲಿಲ್ಲ. ಕುರಿ ಕಾಯುವವನು ಅಲ್ಲೇ ಒಂದು ತುಂಡು ತಿಂದು, ಮಿಕ್ಕದ್ದನ್ನು ಎಕ್ಕದ ಎಲೆಯಲ್ಲಲ್ಲ, ಮುತ್ತುಗದ ಎಲೆಯಲ್ಲಿ ಸುತ್ತಿ ಮನೆಗೆ ತರುತ್ತಿದ್ದ. ಎಕ್ಕದ ಹಾಲು ತಾಗಬಾರದಲ್ಲ. ಮನೆಯಲ್ಲಿ ಸಜ್ಜೆ ರೊಟ್ಟಿಗೆ, ನವಣೆ ತಂಬಿಟ್ಟಿಗೆ ಅದು ಸವರಿಕೊಳ್ಳುವಷ್ಟಾಗುತ್ತಿತ್ತು. ಬಾಣಂತಿ ಇರುವ ಮನೆಗೆ, ಕೆಮ್ಮಿನ ಮಗುವಿರುವ ಮನೆಗೆ ಮೊದಲು ಹೋಗುತ್ತಿತ್ತು. ಹೀಗೆ ಹಂಚಿಹೋದ ಜೇನು ಯಾವ ಸರ್ಕಾರಿ ಅಂಕಿಯಲ್ಲೂ ಕಾಣದು. 1876ರಿಂದ 78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಹೊಲ ಕೈಕೊಟ್ಟಾಗ ಕಾವಲಿನ ಕಾರೆಹಣ್ಣು, ಬಾರೆಹಣ್ಣು, ಗೆಡ್ಡೆ, ಜೇನು ಜೀವ ಹಿಡಿದವು ಎಂಬ ಮಾತು ನಮ್ಮ ಹಟ್ಟಿಗಳಲ್ಲಿ ಅಜ್ಜಿಯರ ಬಾಯಿಂದ ಬಾಯಿಗೆ ಬಂದಿದೆ.

ಹೆಜ್ಜೇನಿನ ವಿಷಯ ಬೇರೆ. ಅದು ಮೊಳಕಾಲ್ಮೂರಿನ ಗುಡ್ಡಗಳದ್ದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಬೆಳಕಿಗೆ ತಂದದ್ದು 1892ರಲ್ಲಿ. ಸುವರ್ಣಗಿರಿಯಿಂದ ಇಲ್ಲಿದ್ದ ಇಸಿಲ ಪಟ್ಟಣದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಕಳಿಸಿದ ಆಜ್ಞೆ ಅದು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆಯಿರಬೇಕು, ಸತ್ಯ ನುಡಿಯಬೇಕು ಎಂದು ಹೇಳುತ್ತದೆ. ಅದನ್ನು ಬರೆದ ಚಪಡ ತನ್ನ ಕಸುಬನ್ನು ಖರೋಷ್ಠಿ ಲಿಪಿಯಲ್ಲಿ ಗುರುತಿಸಿಹೋಗಿದ್ದಾನೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಅಗೆಸಿದಾಗ, ಅಶೋಕನಿಗಿಂತ ಹಿಂದೆ ಕಲ್ಲಿನ ಕೊಡಲಿ ಹಿಡಿದ ಜನ ಇದೇ ಗುಡ್ಡದ ಬುಡದಲ್ಲಿ ಬಾಳಿದ್ದರೆಂದು ತಿಳಿಯಿತು. ನಾನು ಶಾಲೆಯ ಮಕ್ಕಳನ್ನು ಶಾಸನ ತೋರಿಸಲು ಕರೆದೊಯ್ಯುವಾಗಲೆಲ್ಲ ಅವರ ಕಣ್ಣು ಮೊದಲು ಹೋಗುತ್ತಿದ್ದುದು ಮೇಲಿನ ಬಂಡೆಗಳ ಅಡಿಯಲ್ಲಿ ಜೋತುಬಿದ್ದ ಕಪ್ಪು ತಟ್ಟಿಗಳ ಕಡೆಗೆ. ಕೊಡಲಿಯ ಜನವೂ, ಇಸಿಲದ ಅಧಿಕಾರಿಗಳೂ ತಲೆಯೆತ್ತಿ ಅಂಥ ತಟ್ಟಿಗಳನ್ನು ನೋಡಿರಲೇಬೇಕು. ಹೆಜ್ಜೇನು ಊರು ಬಿಟ್ಟು ಊರು ಅಲೆಯುವ ಜೀವ. ಹೂ ಮುಗಿದರೆ ಎದ್ದು ಹೋಗುತ್ತದೆ, ಮುಂದಿನ ಸುಗ್ಗಿಗೆ ಅದೇ ಬಂಡೆಗೆ ವಾಪಸಾಗುತ್ತದೆ. ಆ ಬಂಡೆಗಳು ಹಿಂಡುಗಳ ತಲೆಮಾರುಗಳಿಗೆಲ್ಲ ಗೊತ್ತು.

ಹೆಜ್ಜೇನು ಕೀಳುವುದು ಅಮಾವಾಸ್ಯೆ ಆಸುಪಾಸಿನ ಕತ್ತಲಲ್ಲಿ. ಬೆಳದಿಂಗಳಿದ್ದರೆ ಹುಳ ಹಾರಿ ಬಂದು ಹಿಡಿಯುತ್ತದೆ. ಕತ್ತಾಳೆ ನಾರಿನ ಹಗ್ಗ, ಹಸಿಸೊಪ್ಪು ಸುತ್ತಿದ ಹೊಗೆಸೂಡಿ, ಬಿದಿರಿನ ಗಳಕ್ಕೆ ಕಟ್ಟಿದ ಕುಡುಗೋಲು, ಕೆಳಗೆ ಬುಟ್ಟಿ. ಸೂಡಿಯಿಂದ ತಟ್ಟಿಯನ್ನು ಸವರಿದರೆ ಕಿಡಿಗಳು ಉದುರುತ್ತವೆ, ಹುಳುಗಳು ಆ ಬೆಳಕಿನ ಹಿಂದೆ ಕೆಳಗಿಳಿಯುತ್ತವೆ. ಹೊರಗಿನವರು ನಂಬದ ಒಂದು ಸಂಗತಿ ಹೇಳುತ್ತೇನೆ. ಚಳ್ಳಕೆರೆಯವರಿಗೆ ಕಂಬಳಿಯೆಂದರೆ ಮಳೆಗೆ ಕೊಡೆ, ಚಳಿಗೆ ಹೊದಿಕೆ, ಕೂರಲು ಗದ್ದುಗೆ. ಆದರೆ ಜೇನು ಕೀಳಲು ಹತ್ತುವವನು ಕಂಬಳಿ ಹೊದೆಯಬಾರದು. ಮಾವ ಗುಡ್ಡದ ಬುಡದಲ್ಲೇ ಅದನ್ನು ಮಡಚಿಡಿಸುತ್ತಿದ್ದರು. “ಕರೇ ಕಂಬಳಿ ಅಲ್ಲೇ ಬಿಡ್ರಪ್ಪ, ಕರಡಿ ಬಂತು ಅಂತ ತಿಳ್ಕಂತಾವೆ” ಎನ್ನುತ್ತಿದ್ದರು. ಕಪ್ಪು ಬಣ್ಣ, ಒರಟು ಕೂದಲು ಕಂಡರೆ ಜೇನು ಕೆರಳುತ್ತದೆ ಎಂಬುದನ್ನು ಹುಳಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳೂ ಹೇಳುತ್ತಾರೆ. ಮೊಳಕಾಲ್ಮೂರಿನ ಗುಡ್ಡಗಳಲ್ಲಿ ಕರಡಿಗಳು ಈಗಲೂ ಇವೆ.

ಮಾವನ ಇನ್ನೊಂದು ಕಟ್ಟಳೆ, ಮರಿಯಿರುವ ತಟ್ಟಿ ಕೊಯ್ಯಬಾರದು. ಹೆಜ್ಜೇನಿನ ತುಪ್ಪ ಮೇಲಿನ ಒಂದು ಮೂಲೆಯಲ್ಲಿ ಮಂದವಾಗಿ ಕೂಡಿರುತ್ತದೆ. ಅಷ್ಟನ್ನು ಕೊಯ್ದು ಮಿಕ್ಕದ್ದನ್ನು ಬಿಟ್ಟರೆ ಹುಳ ಮತ್ತೆ ಕಟ್ಟಿಕೊಳ್ಳುತ್ತದೆ. ಒಂದು ಬಂಡೆಯಲ್ಲಿ ಐದಾರು ತಟ್ಟಿಗಳಿದ್ದರೆ ಎಲ್ಲವನ್ನೂ ಮುಟ್ಟುವಂತಿಲ್ಲ. ಕಿತ್ತ ಮೊದಲ ತುಂಡು ದೇವರಿಗೆ ಮೀಸಲು. ಮ್ಯಾಸಬೇಡರಿಗೆ ದೇವರ ಹಾಲು ತುಪ್ಪ ಮೀಸಲಿಡುವುದು ಗೊತ್ತಿದ್ದ ಕಟ್ಟು, ಜೇನಿಗೂ ಅದೇ ಮಾತು. ಈ ಶಿಸ್ತನ್ನು ಯಾವ ಇಲಾಖೆಯೂ ಕಲಿಸಿರಲಿಲ್ಲ.

ಈಗ ಮೇಣದ ಕಥೆ. ನನ್ನ ಮಟ್ಟಿಗೆ ಇದು ತುಪ್ಪಕ್ಕಿಂತ ದೊಡ್ಡದು.

ಹಿಂಡಿದ ತಟ್ಟಿಯನ್ನು ನಮ್ಮ ಅಜ್ಜಿ ಬಿಸಾಡುತ್ತಿರಲಿಲ್ಲ. ಮಣ್ಣಿನ ಗಡಿಗೆಯಲ್ಲಿ ನೀರು ಕುದಿಸಿ ಅದರೊಳಗೆ ಬಿಟ್ಟು, ಕರಗಿದ ಮೇಲೆ ಹಳೇ ಸೀರೆಯ ತುಂಡಿನಲ್ಲಿ ಸೋಸಿ, ಬಿಸಿ ಆರಲು ಇಡುವಳು. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ, ನೀರಿಗಿಂತ ಹಗುರ. ಬೆಳಗಾಗುವುದರಲ್ಲಿ ನೀರಿನ ಮೇಲೆ ಹಳದಿ ಬಿಲ್ಲೆ ಕಟ್ಟಿರುತ್ತಿತ್ತು. ಕಸವೆಲ್ಲ ಬಿಲ್ಲೆಯ ತಳಕ್ಕೆ ಅಂಟಿರುತ್ತದೆ, ಅದನ್ನು ಚಾಕುವಿನಿಂದ ಕೆರೆದು ತೆಗೆದು ಇನ್ನೊಮ್ಮೆ ಕರಗಿಸಿ, ಎರಡು ಹನಿ ಹರಳೆಣ್ಣೆ ಬೆರೆಸಿ, ಚಿಕ್ಕ ಹಿತ್ತಾಳೆ ಭರಣಿಗೆ ತುಂಬುವಳು. ಅದು ಕುಂಕುಮದ ಮೇಣ. ಬೆಳಿಗ್ಗೆ ಮುಖ ತೊಳೆದು, ಬೆರಳ ತುದಿಗೆ ಮೇಣ ತಗೊಂಡು ಹಣೆಗೆ ದುಂಡಗೆ ಒತ್ತಿ, ಅದರ ಮೇಲೆ ಕುಂಕುಮ. ಬಿಸಿಲಲ್ಲಿ ಶೇಂಗಾ ಹೊಲದಲ್ಲಿ ಇಡೀ ದಿನ ಕಳೆ ತೆಗೆದರೂ ಅದು ಜಾರುತ್ತಿರಲಿಲ್ಲ. ನಮ್ಮ ಹಟ್ಟಿಯ ಹೆಂಗಸರ ಹಣೆಯ ಮೇಲೆ ಪ್ರತಿದಿನ ಕಾವಲಿನ ಹುಳದ ದುಡಿಮೆಯಿತ್ತು. ಮೇಣ ತೀರಿದವರು ಸಂತೆಯಲ್ಲಿ ಬಳೆ, ಕುಂಕುಮ, ಅರಿಸಿನದ ಜೊತೆಗೆ ಬಿಲ್ಲೆ ಕೊಳ್ಳುತ್ತಿದ್ದರು. ಸ್ಟಿಕ್ಕರ್ ಬೊಟ್ಟು ಬಂದ ಮೇಲೆ ಹದಿನೈದಿಪ್ಪತ್ತು ವರ್ಷಗಳಲ್ಲಿ ಆ ಭರಣಿಗಳು ಅಟ್ಟ ಸೇರಿದವು. ಮೇಣಕ್ಕೆ ಮನೆಮನೆಯಲ್ಲಿದ್ದ ಬೇಡಿಕೆ ಹೋದದ್ದು ಹೀಗೆ, ಯಾರಿಗೂ ಸದ್ದು ಕೇಳಿಸದಂತೆ.

ಮೇಣಕ್ಕೆ ಬೇರೆ ಗಿರಾಕಿಗಳೂ ಇದ್ದರು. ಕಪಿಲೆ ಬಾವಿಯ ಚರ್ಮದ ಬಾನಿ ಹೊಲಿಯುವವರು ದಾರಕ್ಕೆ ಮೇಣ ತಿಕ್ಕದೆ ಸೂಜಿ ಹಿಡಿಯುತ್ತಿರಲಿಲ್ಲ. ನೀರು ದಾರವನ್ನು ಕೊಳೆಸಬಾರದು. ಹಾವಾಡಿಗರ ಪುಂಗಿಯಲ್ಲಿ ಸೋರೆಬುರುಡೆಗೂ ಕೊಳವೆಗೂ ಬೆಸುಗೆ ಅದೇ. ಕಂಚುಗಾರರಿಗಂತೂ ಮೇಣವಿಲ್ಲದೆ ಕಸುಬಿಲ್ಲ. ದೇವರ ಎತ್ತುಗಳ ಕೊರಳ ಗಂಟೆಯಿರಲಿ, ಪೆಟ್ಟಿಗೆಯಲ್ಲಿಟ್ಟು ಪೂಜಿಸುವ ಚಿಕ್ಕ ಮೂರ್ತಿಯಿರಲಿ, ಮೊದಲು ಮೇಣದಲ್ಲಿ ತಿದ್ದಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಪೊಳ್ಳಿಗೆ ಲೋಹ ಹೊಯ್ಯುವುದು ಹಳೆಯ ಕ್ರಮ. ಇದನ್ನು ಬರೆದಿಟ್ಟವನು ಕನ್ನಡ ನಾಡಿನ ಅರಸನೇ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನ ಹನ್ನೆರಡನೇ ಶತಮಾನದ ಮಾನಸೋಲ್ಲಾಸದಲ್ಲಿ ಇದರ ವಿಧಾನವಿದೆ. ಮೇಣದ ಬೊಂಬೆಯನ್ನು ತೂಗಿ ನೋಡಿ, ಬೆಳ್ಳಿಯಾದರೆ ಅದರ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು ಲೋಹ ತೆಗೆದುಕೊಳ್ಳಬೇಕೆಂಬ ಲೆಕ್ಕ ಸಹಿತ. ನಮ್ಮ ಸೀಮೆ ಆಗ ನೊಳಂಬವಾಡಿಯ ಭಾಗ, ಚಾಲುಕ್ಯರ ಆಳ್ವಿಕೆಗೆ ಸೇರಿದ್ದು. ದೇವರು ಮೈತಾಳುವ ಮೊದಲು ಜೇನುಮೇಣದಲ್ಲಿ ಇರುತ್ತಿದ್ದ ಎಂದು ಮಕ್ಕಳಿಗೆ ಪಾಠ ಹೇಳುವಾಗ ನನಗೇ ರೋಮಾಂಚನವಾಗುತ್ತಿತ್ತು.

ಔಷಧಿಯ ಮಾತನ್ನು ಚುಟುಕಾಗಿ ಹೇಳುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. ಸುಶ್ರುತ ಎಂಟು ಬಗೆಯ ಜೇನನ್ನು ಹೇಳಿದ್ದಾನೆ. ನಮ್ಮ ಮನೆಗಳಲ್ಲಿ ಹುಳಿಮಿಶ್ರಿತ ಮಿಸ್ರಿ ಜೇನಿಗೆ ಹೆಚ್ಚಿನ ಬೆಲೆ, ಕೆಮ್ಮಿಗೂ ಗಾಯಕ್ಕೂ ಅದೇ. ಮಣ್ಣಿನ ಗೋಡೆಗಳು ಹೋಗಿ ಸಿಮೆಂಟ್ ಬಂದ ಮೇಲೆ ಮಿಸ್ರಿಗೆ ಬಿರುಕು ಸಿಗುತ್ತಿಲ್ಲ. ಹುಟ್ಟಿದ ಕೂಸಿಗೆ ಬಜೆ ತೇಯ್ದು ಜೇನಲ್ಲಿ ನೆಕ್ಕಿಸುವ ರೂಢಿಯಿತ್ತು. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಕೊಡಬಾರದೆಂದು ವೈದ್ಯರು ಹೇಳುತ್ತಾರೆ. ಆ ಮಾತನ್ನು ಕೇಳಬೇಕು. ಹಳೆಯದೆಲ್ಲ ಉಳಿಯಬೇಕೆಂದು ನಾನು ವಾದಿಸುವುದಿಲ್ಲ.

ಈ ವ್ಯವಸ್ಥೆ ಕಳಚಿದ್ದು ಒಂದೇ ಏಟಿಗಲ್ಲ. ಮೊದಲು ಹೊಲ ಬದಲಾಯಿತು. ಸಜ್ಜೆ, ನವಣೆ, ತೊಗರಿ, ಎಳ್ಳು, ಹುಚ್ಚೆಳ್ಳು ಬೆರೆತು ಬೆಳೆಯುತ್ತಿದ್ದ ಜಾಗಕ್ಕೆ ಶೇಂಗಾ ಬಂತು, ಗಿರಣಿಗಳು ಬಂದವು, ಚಳ್ಳಕೆರೆ ಎಣ್ಣೆಯ ಪೇಟೆಯಾಯಿತು. ಆ ಹಣದಿಂದ ನಮ್ಮ ತಲೆಮಾರು ಓದಿತು, ಅದನ್ನು ಮರೆಯಲಾರೆ. ಆದರೆ ಶೇಂಗಾ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುವ ಗಿಡ, ಜೇನಿಗೆ ಅದರಿಂದ ಹೆಚ್ಚೇನೂ ದಕ್ಕದು. ಆಮೇಲೆ ಸೂರ್ಯಕಾಂತಿ ಬಂದಾಗ ಹುಳಕ್ಕೆ ಹೂ ಸಿಕ್ಕಿತು, ಜೊತೆಗೆ ಔಷಧಿ ಸಿಂಪಡಣೆಯೂ ಬಂತು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿತು. ಪೆಟ್ಟಿಗೆ ಇಟ್ಟವರು ಅದನ್ನು ಕಂಡರು. ಹುತ್ತಗಳಲ್ಲಿದ್ದ ತುಡುವೆ ಸತ್ತದ್ದನ್ನು ಯಾರು ಎಣಿಸಿದರು? ಇದರ ನಡುವೆ ಕೋಲುಜೇನನ್ನು ಕಾಪಾಡಿದ್ದು, ರೈತರು ಶಾಪ ಹಾಕುವ ಬಳ್ಳಾರಿ ಜಾಲಿ. ಹೊರದೇಶದಿಂದ ಬಂದು ಗೋಮಾಳ ನುಂಗಿದ ಆ ಗಿಡದ ಮೇಲೆ ನನಗೂ ಪ್ರೀತಿಯಿಲ್ಲ, ಆದರೂ ಬರದ ವರ್ಷಗಳಲ್ಲಿ ಹೂವಿದ್ದದ್ದು ಅದರಲ್ಲಿ ಮಾತ್ರ.

ಕೊನೆಗೆ ಕಾವಲು ಹೋಯಿತು. 2009ರ ಆಸುಪಾಸಿನಿಂದ ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573 ಎಕರೆ ಹಂಚಿಕೆಯಾಯಿತು. ದೇಶಕ್ಕೆ ಆ ಸಂಸ್ಥೆಗಳು ಬೇಕು. ಆದರೆ ನಮ್ಮ ಕಡೆಯ ಜನರ ಒಪ್ಪಿಗೆ ಕೇಳಿ ಆ ನೆಲ ಕೊಡಲಿಲ್ಲ. ಆ ನೋವು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಆ ನೆಲದ ಸುತ್ತ ಎದ್ದ ಗೋಡೆ ಹೆಜ್ಜೇನಿಗೆ ಅಡ್ಡಿಯಾಗದು, ಹಾರಿ ದಾಟುತ್ತದೆ. ಅಡ್ಡಿಯಾದದ್ದು ಕುರಿ ಹಿಂದೆ ನಡೆಯುತ್ತಿದ್ದವನಿಗೆ. ನಡೆಯುವವನಿಲ್ಲದಿದ್ದರೆ ಪೊದೆಯೊಳಗಿನ ಅಂಟು ಹಸಿಯೋ ಒಣವೋ ಎಂದು ನೋಡುವವನೂ ಇಲ್ಲ. ನನ್ನ ಮಾವನ ಮಕ್ಕಳಿಗೆ ಆ ವಿದ್ಯೆ ಬಂದಿಲ್ಲ. ಅವರಲ್ಲೊಬ್ಬ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದಾನೆ.

ಹೆಜ್ಜೇನಿಗೆ ಬೇರೆ ಕಷ್ಟ. ಅದು ಈಗ ನೀರಿನ ಟ್ಯಾಂಕಿಗೆ, ಶಾಲೆಯ ಸಜ್ಜಾದ ಅಡಿಗೆ ಬಂದು ಕಟ್ಟುತ್ತದೆ. ನಾನಿದ್ದ ಒಂದು ಶಾಲೆಯಲ್ಲಿ ಅದನ್ನು ಹಗಲಿನಲ್ಲೇ ಬೆಂಕಿ ಹಚ್ಚಿ ಸುಟ್ಟರು. ಅಂಗಳದ ತುಂಬ ರೆಕ್ಕೆ ಸುಟ್ಟ ಹುಳಗಳು ಹರಿದಾಡಿದವು, ಮಕ್ಕಳು ಅತ್ತರು. ಅಮಾವಾಸ್ಯೆಯವರೆಗೆ ಕಾದು, ಬಲ್ಲವರೊಬ್ಬರನ್ನು ಕರೆಸಿದ್ದರೆ ಸಾಕಿತ್ತು.

ಇತ್ತ ಅಂಗಡಿಯ ಬಾಟಲಿ ಜೇನು ಪ್ರತಿ ಮನೆಗೂ ಬಂದಿದೆ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರಾಂಡ್‌ಗಳ ಜೇನನ್ನು ಜರ್ಮನಿಯ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿತು. ಸಕ್ಕರೆ ಪಾಕದ ಬೆರಕೆ ಪತ್ತೆಹಚ್ಚುವ ಆ ಪರೀಕ್ಷೆಯಲ್ಲಿ ಪಾಸಾದವು ಮೂರು ಮಾತ್ರ. ಬೇವಿನ ಕಹಿ ತಾಗುವ ಜೇನನ್ನು ಮರೆತ ನಾಲಿಗೆಗೆ ಪಾಕ ಮತ್ತು ಜೇನಿನ ಅಂತರ ತಿಳಿಯುವುದಾದರೂ ಹೇಗೆ?

ನಮ್ಮ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಕೂತು ಕೇಳಿ ಬರೆದುಕೊಂಡದ್ದರಿಂದ ಅವು ಉಳಿದವು. ಜೇನು ಬಲ್ಲವರ ಮುಂದೆ ಹಾಗೆ ಯಾರೂ ಕೂರಲಿಲ್ಲ. ಈಗಲೂ ಕಾಲ ಪೂರ್ತಿ ಮೀರಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಜೇನು ಮತ್ತು ಮೇಣವನ್ನು ಹೆಸರಿಸಿಯೇ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಗೆ ಸೇರಿಸಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವಸಂಪತ್ತಿನ ದಾಖಲೆ ಪುಸ್ತಕ ಬರೆಯಬೇಕು. ಚಳ್ಳಕೆರೆ, ಮೊಳಕಾಲ್ಮೂರಿನ ಪಂಚಾಯಿತಿ ಸದಸ್ಯರಲ್ಲಿ, ನನ್ನ ಬಳಿ ಓದಿ ಈಗ ಮೇಷ್ಟ್ರುಗಳಾಗಿರುವವರಲ್ಲಿ ನನ್ನ ಕೋರಿಕೆ ಇಷ್ಟು: ನಿಮ್ಮ ಊರಿನಲ್ಲಿ ಹೆಜ್ಜೇನು ಪ್ರತಿವರ್ಷ ಕಟ್ಟುವ ಬಂಡೆ ಯಾವುದು, ಮರ ಯಾವುದು, ತುಡುವೆ ಕೂತ ಹುತ್ತ ಎಲ್ಲಿದೆ, ಜೇನು ಬಿಡಿಸಬಲ್ಲ ಹಿರಿಯರು ಯಾರಿದ್ದಾರೆ ಎಂದು ಕೇಳಿ ಆ ಪುಸ್ತಕದಲ್ಲಿ ಬರೆಸಿ. ಉದ್ಯೋಗ ಖಾತ್ರಿಯಲ್ಲಿ ಗೋಮಾಳ ಹಸನು ಮಾಡುವಾಗ ಕಾರೆ, ಬಾರೆ, ತಂಗಡಿಗಳನ್ನು ಬುಡಸಹಿತ ಕೀಳಿಸಬೇಡಿ. ಈ ಕೆಲಸವನ್ನು ಬರುವ ಯುಗಾದಿಗೆ, ಬೇವು ಹೂಬಿಡುವ ಹೊತ್ತಿಗೆ ಶುರು ಮಾಡಿ. ಹುಳ ಎಲ್ಲಿದೆಯೆಂದು ಆಗ ಸುಲಭವಾಗಿ ಕಾಣುತ್ತದೆ.